ಪೆಡಲಿನ ಸದ್ದು ಹುಟ್ಟುವುದು ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಮೆಟ್ರೋದಲ್ಲಿ ಮಡಚಿದ ಸೈಕಲ್ ಒಯ್ಯಲು 2020ರ ನವೆಂಬರಿನಲ್ಲಿ ಅವಕಾಶ ಸಿಕ್ಕ ಮೇಲೆ ನಾನೂ ಅಂಥದೊಂದು ಸೈಕಲ್ ಕೊಂಡೆ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ, ಎಡಗಾಲನ್ನು ಬಲವಾಗಿ ಒತ್ತಿದಾಗಲೆಲ್ಲ ‘ಟಕ್’ ಎನ್ನುವ ಸದ್ದು ಬರತೊಡಗಿತು. ಪೆಡಲ್ ಸವೆದಿರಬೇಕೆಂದುಕೊಂಡು ಅಂಗಡಿಯಲ್ಲಿ ಹೊಸ ಜೋಡಿ ಹಾಕಿಸಿದೆ. ಮಾರನೆಯ ಬೆಳಿಗ್ಗೆ ಮನೆಯ ಮುಂದಿನ ಏರು ಹತ್ತುವಾಗ ಅದೇ ಸದ್ದು, ಅದೇ ಜಾಗದಲ್ಲಿ ಮತ್ತೆ ಕೇಳಿಸಿತು. ಸದ್ದು ಹುಟ್ಟುವ ಜಾಗವನ್ನು ಹುಡುಕದೆ ಯಾವ ಭಾಗವನ್ನೂ ಬದಲಿಸಬಾರದೆಂಬುದು ನನಗೆ ಮನದಟ್ಟಾದದ್ದು ಅಂದು.

ಹುಡುಕುವುದು ಸುಲಭವಲ್ಲ. ಸೈಕಲ್ಲಿನ ಚೌಕಟ್ಟು ಟೊಳ್ಳಾದ ಕೊಳವೆಗಳದ್ದು. ಒಂದು ತುದಿಯ ಸದ್ದು ಇನ್ನೊಂದು ತುದಿಯಲ್ಲಿ ಕೇಳಿಸುತ್ತದೆ. ಮಡಚುವ ಸೈಕಲ್ಲಿನಲ್ಲಂತೂ ಚೌಕಟ್ಟಿನ ನಡುವೆ ಒಂದು ಕೀಲು, ಹ್ಯಾಂಡಲ್ ಕಂಬದ ಬುಡದಲ್ಲಿ ಇನ್ನೊಂದು ಕೀಲು, ಸೀಟಿನ ಕೆಳಗೆ ಮಾಮೂಲಿ ಸೈಕಲ್ಲಿಗಿಂತ ಬಹಳ ಉದ್ದವಾದ ಕಂಬ ಇರುತ್ತವೆ. ಕಾಲು ಒತ್ತಿದಾಗ ಇವೆಲ್ಲವೂ ಅಷ್ಟಿಷ್ಟು ಬಾಗುತ್ತವೆ. ಆದ್ದರಿಂದ ಕಾಲಿನ ಲಯಕ್ಕೆ ಸರಿಯಾಗಿ ಬರುವ ಸದ್ದೆಲ್ಲವೂ ಪೆಡಲಿನದೆಂದು ತೋರುತ್ತದೆ.

ಮೊದಲು ಪೆಡಲ್ ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ತಾನಾಗಿ ಉರುಳಲು ಬಿಡಿ. ಆಗಲೂ ಸದ್ದು ಬಂದರೆ ಅದು ಚಕ್ರದ ಕಡೆಯದು. ಸೀಟಿನಿಂದ ಎದ್ದು ನಿಂತು ತುಳಿದಾಗ ಸದ್ದು ಮಾಯವಾದರೆ ಸೀಟನ್ನೂ ಅದರ ಕಂಬವನ್ನೂ ನೋಡಬೇಕು. ಸದ್ದು ಪೆಡಲಿನ ಪ್ರತಿ ಸುತ್ತಿಗೂ ಬರುತ್ತದೆಯೋ, ಸುತ್ತು ಬಿಟ್ಟು ಬರುತ್ತದೆಯೋ ಎಂಬುದನ್ನೂ ಎಣಿಸಿ. ಮುಂದಿನ ಚೈನ್‌ವೀಲಿಗೆ 52 ಹಲ್ಲು, ಚೈನಿಗೆ ನೂರಕ್ಕೆ ತುಸು ಹೆಚ್ಚು ಕೊಂಡಿಗಳು ಇದ್ದರೆ ಚೈನು ಒಂದು ಪೂರ್ತಿ ಸುತ್ತು ಬರಲು ಪೆಡಲ್ ಸುಮಾರು ಎರಡು ಸುತ್ತು ಹಾಕಬೇಕು. ಎರಡು ಸುತ್ತಿಗೊಮ್ಮೆ ಬರುವ ಸದ್ದು, ಹಾಗಾಗಿ, ಬಿಗಿದುಕೊಂಡ ಒಂದು ಕೊಂಡಿಯದ್ದಾಗಿರಬಹುದು. ಶೂ ಲೇಸಿನ ತುದಿ ಕ್ರ್ಯಾಂಕಿಗೆ, ಅಂದರೆ ಪೆಡಲನ್ನು ಹಿಡಿದಿರುವ ತೋಳಿಗೆ, ಬಡಿಯುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುವುದೂ ಒಳ್ಳೆಯದು.

ಇಷ್ಟಾದ ಮೇಲೆ, ವಾಹನಗಳಿಲ್ಲದ ರಸ್ತೆಯಲ್ಲಿ ಒಂದೇ ಕಾಲಿನಿಂದ ತುಳಿಯಿರಿ. ಎಡಗಾಲಿನಿಂದ ಹತ್ತು ಸುತ್ತು, ಬಲಗಾಲಿನಿಂದ ಹತ್ತು ಸುತ್ತು ಸಾಕು. ದೋಷ ಯಾವ ಬದಿಯದೆಂದು ಗೊತ್ತಾದ ಬಳಿಕ ಕೆಳಗಿಳಿದು, ಎರಡೂ ಬ್ರೇಕುಗಳನ್ನು ಹಿಡಿದು, ಆ ಬದಿಯ ಕ್ರ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ನಿಲ್ಲಿಸಿ ಪೆಡಲಿನ ಮೇಲೆ ಮೈಭಾರ ಹಾಕಿ ತೆಗೆಯುತ್ತಿರಬೇಕು. ಜೊತೆಗಿರುವವರು ಒಂದೊಂದೇ ಕೂಡುಜಾಗದ ಮೇಲೆ ಬೆರಳ ತುದಿ ಇಟ್ಟು ನೋಡಲಿ. ಕಿವಿ ಮೋಸಹೋಗಬಹುದು, ಆದರೆ ಸದ್ದು ಹುಟ್ಟುವ ಜಾಗದಲ್ಲಿ ಬೆರಳಿಗೆ ಸಣ್ಣ ಮಿಡಿತವೊಂದು ತಗಲುತ್ತದೆ. ನನ್ನ ಸೈಕಲ್ಲಿನಲ್ಲಿ ಅದು ಸಿಕ್ಕಿದ್ದು ಪೆಡಲ್ ತಿರುಗುವ ನಡುಗಂಬಿ, ಅಂದರೆ ಆಕ್ಸಲ್, ಎಡ ಕ್ರ್ಯಾಂಕಿನೊಳಗೆ ಸೇರುವ ಕಡೆ. ಬಿಚ್ಚಿ ನೋಡಿದರೆ ತೂತಿನ ಥ್ರೆಡ್ಡಿನ, ಅಂದರೆ ತಿರುಪಿನ ಗೆರೆಗಳ, ತುಂಬ ಒಣಗಿದ ಕೆಂಪು ಮಣ್ಣು; ಹೊಸ ಪೆಡಲಿನ ಹೊಳೆಯುವ ಥ್ರೆಡ್ಡಿನಲ್ಲಿ ಗ್ರೀಸಿನ ಸುಳಿವೂ ಇರಲಿಲ್ಲ. ಉಕ್ಕಿನ ಆಕ್ಸಲ್ ಅಲ್ಯೂಮಿನಿಯಂ ಕ್ರ್ಯಾಂಕಿನೊಳಗೆ ಒಣಒಣವಾಗಿ ಕೂತಿದ್ದರಿಂದ, ಭಾರ ಬಿದ್ದಾಗಲೆಲ್ಲ ಕೂದಲೆಳೆಯಷ್ಟು ಸರಿದು ಸದ್ದು ಮಾಡುತ್ತಿತ್ತು.

ಬಿಚ್ಚುವ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಬಲ ಪೆಡಲಿನ ಥ್ರೆಡ್ ಎಲ್ಲ ಬೋಲ್ಟುಗಳಂತೆಯೇ ಇದ್ದರೆ, ಎಡ ಪೆಡಲಿನದು ತಿರುಗುಮುರುಗು. ತುಳಿಯುವಾಗ ಭಾರದ ದಿಕ್ಕು ಪ್ರತಿ ಸುತ್ತಿನಲ್ಲೂ ಆಕ್ಸಲಿನ ಸುತ್ತ ಒಮ್ಮೆ ತಿರುಗುವುದರಿಂದ, ಆಕ್ಸಲ್ ತನ್ನ ತೂತಿನೊಳಗೆ ನಿಧಾನವಾಗಿ ಹೊರಳುತ್ತ ಹೋಗುತ್ತದೆ. ಎಡಗಡೆಗೂ ಮಾಮೂಲಿ ಥ್ರೆಡ್ ಇದ್ದಿದ್ದರೆ ಅದು ದಾರಿಯಲ್ಲೇ ಕಳಚಿಕೊಳ್ಳುತ್ತಿತ್ತು. ವಿಮಾನ ಹಾರಿಸುವ ಮೊದಲು ಸೈಕಲ್ ತಯಾರಿಸುತ್ತಿದ್ದ ರೈಟ್ ಸಹೋದರರು, ಕ್ರ್ಯಾಂಕಿನಿಂದ ತಾನಾಗಿ ಕಳಚದ ಪೆಡಲ್ ತಮ್ಮಲ್ಲಿದೆಯೆಂದು 1900ರ ಸುಮಾರಿಗೆ ಪ್ರಚಾರ ಮಾಡಿದ್ದರು. ನೆನಪಿಡಲು ಒಂದು ಉಪಾಯವಿದೆ. 15 ಮಿಲಿಮೀಟರಿನ ಸ್ಪ್ಯಾನರನ್ನು ಅದರ ಹಿಡಿ ಮೇಲಕ್ಕೆ ಬರುವಂತೆ ಆಕ್ಸಲಿಗೆ ಕೂರಿಸಿ. ಎರಡೂ ಬದಿಯಲ್ಲಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಸಡಿಲವಾಗುತ್ತದೆ, ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಬಿಗಿಯಾಗುತ್ತದೆ. ಕೆಲವು ಪೆಡಲುಗಳಿಗೆ ಕ್ರ್ಯಾಂಕಿನ ಹಿಂಬದಿಯಿಂದ ಅಲೆನ್ ಕೀ (ಆರು ಮೂಲೆಯ ಕೀಲಿ) ಹಾಕಬೇಕಾಗುತ್ತದೆ.

ಬಿಚ್ಚಿದ ಪೆಡಲಿನ ಥ್ರೆಡ್ಡನ್ನೂ ಕ್ರ್ಯಾಂಕಿನ ತೂತನ್ನೂ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಗ್ರೀಸ್ ಹಚ್ಚಿ. ಮತ್ತೆ ಕೂರಿಸುವಾಗ ಮೊದಲ ನಾಲ್ಕೈದು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಓರೆಯಾಗಿ ಕೂತ ಉಕ್ಕು ಅಲ್ಯೂಮಿನಿಯಂ ಥ್ರೆಡ್ಡನ್ನು ಒಂದೇ ಏಟಿಗೆ ಹಾಳುಮಾಡುತ್ತದೆ. ಬಿಗಿ ಎಷ್ಟಿರಬೇಕೆಂದರೆ, ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 15 ಕಿಲೋ ಭಾರ ಹಾಕಿದಷ್ಟು.

ಥ್ರೆಡ್ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಪೆಡಲನ್ನು ಕೈಯಲ್ಲಿ ಹಿಡಿದು ಆಕ್ಸಲನ್ನು ಬೆರಳಿನಿಂದ ತಿರುಗಿಸಿ. ಕರಕರ ಎಂದರೆ ಒಳಗಿನ ಬೇರಿಂಗ್ ಗುಂಡುಗಳು ಒಣಗಿವೆ ಅಥವಾ ಮರಳು ಸೇರಿದೆ. ಹೊರತುದಿಯ ಮುಚ್ಚಳ ತೆಗೆದಾಗ ನಟ್ಟು ಮತ್ತು ಕೋನ್ (ಗುಂಡುಗಳನ್ನು ಒತ್ತಿ ಹಿಡಿಯುವ ತಿರುಪಿನ ಬಿಲ್ಲೆ) ಕಾಣಿಸಿದರೆ, ಗುಂಡುಗಳನ್ನು ತೊಳೆದು ಗ್ರೀಸಿನಲ್ಲಿ ಕೂರಿಸಿ, ಅಲುಗಾಟ ಹೋಗುವಷ್ಟು ಮಾತ್ರ ಕೋನ್ ಬಿಗಿದು ನಟ್ಟು ಹಾಕಬಹುದು. ಬಿಚ್ಚಲು ಬಾರದ ಅಗ್ಗದ ಪೆಡಲಾದರೆ ಹೊಸದನ್ನು ಕೊಳ್ಳುವುದೇ ಸರಿ. ಕ್ರ್ಯಾಂಕನ್ನೇ ಹಿಡಿದು ಹೊರಕ್ಕೂ ಒಳಕ್ಕೂ ಅಲುಗಿಸಿ ನೋಡುವುದನ್ನು ಮರೆಯಬೇಡಿ. ಅದು ಅಲುಗಿದರೆ ಅದರ ಬೋಲ್ಟು ಬಿಗಿಯುವವರೆಗೂ ಸೈಕಲ್ ಹತ್ತಬಾರದು, ಏಕೆಂದರೆ ಸಡಿಲವಾದ ಕ್ರ್ಯಾಂಕಿನ ಚೌಕದ ತೂತು ಕೆಲವೇ ದಿನಗಳಲ್ಲಿ ಸವೆದು ಮತ್ತೆಂದೂ ಬಿಗಿಯಾಗಿ ನಿಲ್ಲುವುದಿಲ್ಲ.

ಮಡಚುವ ಪೆಡಲುಗಳಲ್ಲಿ ಸದ್ದಿಗೆ ಇನ್ನೊಂದು ಮೂಲವಿದೆ, ಅದು ಮಡಿಕೆಯ ಕೀಲು ಮತ್ತು ಕೊಕ್ಕೆ. ಹಗುರವಾದ ‘ಕಿರ್’ ಸದ್ದು ಪ್ಲಾಸ್ಟಿಕ್ ಲೋಹಕ್ಕೆ ಉಜ್ಜುವುದರಿಂದ ಬರುತ್ತದೆ. ಧೂಳು ಒರೆಸಿ ಸಿಲಿಕೋನ್ ಸ್ಪ್ರೇ ಹಾಕಿದರೆ ನಿಲ್ಲುತ್ತದೆ. ಅಲ್ಲಿಗೆ ಎಂಜಿನ್ ಆಯಿಲ್ ಹಾಕಬೇಡಿ, ಅದು ರಸ್ತೆಯ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ಪಾದದ ಕೆಳಗೆ ಪೆಡಲು ಕುಲುಕಿ ‘ಕಟ್’ ಎಂದರೆ ಕೊಕ್ಕೆ ಸವೆದಿದೆಯೆಂದೇ ತಿಳಿಯಬೇಕು. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಅದು ಮಡಚಿಕೊಂಡರೆ ಬೀಳುವುದು ವಾಹನಗಳ ನಡುವೆ. ಅಂಥ ಪೆಡಲನ್ನು ರಿಪೇರಿಗೂ ಕೊಡದೆ ಅಂದೇ ಬದಲಿಸಿ.

ನಾನು ಪೆಡಲನ್ನು ಗ್ರೀಸ್ ಹಚ್ಚಿ ಕೂರಿಸಿದ ದಿನ, ಆಕ್ಸಲಿನ ಮೇಲಿಂದ ಕ್ರ್ಯಾಂಕಿನವರೆಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟೆ. ಪೆಡಲು ಸಡಿಲವಾಗತೊಡಗಿದರೆ ಗೆರೆ ಎರಡು ತುಂಡಾಗಿ ಕಾಣುತ್ತದೆ. ಸೈಕಲ್ ಮಡಚಲು ಬಗ್ಗಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ನೋಡಲು ಬೇರೆ ಹೊತ್ತು ಬೇಕಿಲ್ಲ.