ಜೊತೆಗೂಡಿ ಬರೆಯುವ ಗಣಿತ

ಕೇಳುಗರೆಲ್ಲರಿಗೂ ನಮಸ್ಕಾರ.

ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆಗಳಲ್ಲಿರುವ ಮೂವರು ಅಧ್ಯಾಪಕರು ಪದವಿ ತರಗತಿಗಾಗಿ ಒಂದೇ ಗಣಿತ ಟಿಪ್ಪಣಿಯನ್ನು ಕೂಡಿ ಬರೆಯುವುದು ಇಂದು ಕಷ್ಟದ ಕೆಲಸವಲ್ಲ. ಡೊನಾಲ್ಡ್ ಕ್ನೂತ್ 1978ರಲ್ಲಿ ಹೊರತಂದ ಟೆಕ್ ಎಂಬ ತಂತ್ರಾಂಶ, ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ ಲೇಟೆಕ್, ಇವೆರಡೂ ಗಣಿತದ ಅಕ್ಷರಜೋಡಣೆಗೆ ಈಗಲೂ ಆಧಾರವಾಗಿವೆ. ಓವರ್‌ಲೀಫ್‌ನಂತಹ ತಾಣದಲ್ಲಿ ಒಂದೇ ಕಡತವನ್ನು ಹಲವರು ಏಕಕಾಲಕ್ಕೆ ತಿದ್ದಬಹುದು. ಆದರೆ ಸಂಕೇತಗಳ ವಿಷಯದಲ್ಲಿ ಮೊದಲೇ ಒಮ್ಮತವಿಲ್ಲದಿದ್ದರೆ ಈ ಸೌಲಭ್ಯದಿಂದ ಗೊಂದಲವೇ ಹೆಚ್ಚುತ್ತದೆ.

ಸದಿಶವನ್ನೇ, ಅಂದರೆ ವೆಕ್ಟರನ್ನೇ, ನೋಡೋಣ. ಒಬ್ಬರು ಅದನ್ನು ದಪ್ಪಕ್ಷರದಲ್ಲಿ ಬರೆದು, ಇನ್ನೊಬ್ಬರು ಅಕ್ಷರದ ಮೇಲೆ ಬಾಣ ಹಾಕಿದರೆ, ಎರಡೂ ಒಂದೇ ಎಂಬುದು ವಿದ್ಯಾರ್ಥಿಗೆ ತಿಳಿಯುವ ಬಗೆ ಹೇಗೆ? ಕಡತದ ಆರಂಭದಲ್ಲಿ ನ್ಯೂಕಮಾಂಡ್ ಎಂಬ ಲೇಟೆಕ್ ಸೂಚನೆ ಬಳಸಿ ಸದಿಶಕ್ಕೆಂದೇ ಒಂದು ಆದೇಶವನ್ನು ರಚಿಸಿಕೊಂಡು ಎಲ್ಲರೂ ಅದನ್ನೇ ಬಳಸಿದರೆ, ಮುಂದೆ ಬಾಣ ಬೇಡವೆನಿಸಿದಾಗ ಆ ಒಂದು ಸಾಲನ್ನು ಬದಲಿಸಿದರೆ ಸಾಕು, ಇಡೀ ಟಿಪ್ಪಣಿ ಬದಲಾಗುತ್ತದೆ. ಸಮೀಕರಣಗಳ ಸಂಖ್ಯೆಯನ್ನೂ ಕೈಯಾರೆ ಬರೆಯಬಾರದು. ಲೇಬಲ್ ಎಂಬ ಸೂಚನೆಯಿಂದ ಸಮೀಕರಣಕ್ಕೊಂದು ಹೆಸರು ಕೊಟ್ಟು, ರೆಫ್ ಎಂಬ ಸೂಚನೆಯಿಂದ ಆ ಹೆಸರನ್ನು ಕರೆದರೆ, ಸಹೋದ್ಯೋಗಿ ನಡುವೆ ಹೊಸ ಸಮೀಕರಣ ಸೇರಿಸಿದರೂ ಉಲ್ಲೇಖಗಳು ತಾವಾಗಿ ಸರಿಹೋಗುತ್ತವೆ. ಕನ್ನಡದಲ್ಲಿ ಬರೆಯುವವರು ಕಡತವನ್ನು ಪುಟವಾಗಿ ಮೂಡಿಸುವ ಕಂಪೈಲರ್ ಆಗಿ ಝೀಲೇಟೆಕ್ ಆರಿಸಿಕೊಂಡು ಕನ್ನಡ ಫಾಂಟ್ ಸೂಚಿಸಬೇಕು. ಇಲ್ಲವಾದರೆ ಒತ್ತಕ್ಷರಗಳು ಸರಿಯಾಗಿ ಮೂಡುವುದಿಲ್ಲ.

ಇನ್ನು ನಮ್ಮ ಮಳೆಗಾಲದ ಮಾತು. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕೂ ಕೈಕೊಡುವ ಊರುಗಳು ಕೊಡಗಿನಲ್ಲಿ ಕಡಿಮೆಯೇನಲ್ಲ. ಅಂಥಲ್ಲಿ ನಾನು ತಿದ್ದುಪಡಿಗಳ ದಾಖಲೆ ಇಡುವ ಗಿಟ್ ಎಂಬ ತಂತ್ರಾಂಶವನ್ನೇ ಸೂಚಿಸುತ್ತೇನೆ. ಕಡತದ ಪೂರ್ಣ ಪ್ರತಿ, ಹಿಂದಿನ ತಿದ್ದುಪಡಿಗಳ ಸಮೇತ, ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಇರುವುದರಿಂದ ಬರವಣಿಗೆ ನಿಲ್ಲುವುದಿಲ್ಲ. ಸಂಪರ್ಕ ಮರಳಿದಾಗ ಎಲ್ಲರ ತಿದ್ದುಪಡಿಗಳನ್ನು ಒಂದುಗೂಡಿಸಬಹುದು. ಗಿಟ್ ಹೋಲಿಸುವುದು ಸಾಲುಗಳನ್ನು. ಆದ್ದರಿಂದ ಒಂದು ವಾಕ್ಯಕ್ಕೆ ಒಂದು ಸಾಲು ಎಂಬ ಪದ್ಧತಿಯನ್ನು ಪಾಲಿಸುವುದು ಒಳ್ಳೆಯದು. ಖಾಲಿ ಸಾಲು ಬಿಟ್ಟರಷ್ಟೇ ಲೇಟೆಕ್ ಹೊಸ ಪ್ಯಾರಾ ಎಂದು ತಿಳಿಯುತ್ತದೆಯಾಗಿ, ಹೀಗೆ ಸಾಲು ಮುರಿದರೂ ಮುದ್ರಿತ ಪುಟ ಕೆಡುವುದಿಲ್ಲ. ಇಬ್ಬರು ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಿದ್ದರೆ ಗಿಟ್ ತಾನೇ ತೀರ್ಮಾನಿಸದೆ, ಎರಡನ್ನೂ ಮುಂದಿಟ್ಟು ನಮ್ಮ ಆಯ್ಕೆಗೆ ಬಿಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ನಿಲುವು ಕಟ್ಟುನಿಟ್ಟು. ಕಾಗುಣಿತದ ತಪ್ಪನ್ನು ಯಾರು ಬೇಕಾದರೂ ತಿದ್ದಲಿ. ಆದರೆ ಸಹೋದ್ಯೋಗಿ ಬರೆದ ಸಾಧನೆಯ, ಅಂದರೆ ಪ್ರಮೇಯದ ಪ್ರೂಫಿನ, ಒಂದು ಹಂತ ಸರಿಯಿಲ್ಲವೆನಿಸಿದರೆ, ಅದನ್ನು ಸದ್ದಿಲ್ಲದೆ ಅಳಿಸದೆ, ಪಕ್ಕದಲ್ಲಿ ಟಿಪ್ಪಣಿ ಬರೆದು, ಫೋನಿನಲ್ಲಿ ಮಾತನಾಡಿ, ಬರೆದವರೇ ತಿದ್ದುವಂತೆ ನೋಡಿಕೊಳ್ಳಬೇಕು. ಆ ಪ್ರಮೇಯವನ್ನು ನಾಳೆ ತರಗತಿಯಲ್ಲಿ ಬಿಡಿಸಿ ಹೇಳಬೇಕಾದವರು ಅವರೇ ಅಲ್ಲವೇ?