ಎದುರುಬದುರು ಕೋಣೆಗಳ ಜಗಳ

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರೊಫೆಸರುಗಳ ಜಗಳದಲ್ಲಿ ಕೂಗಾಟ ಕಡಿಮೆ, ಕಾಗದ ಜಾಸ್ತಿ. ಎದುರುಬದುರು ಕೋಣೆಯಲ್ಲಿ ಕೂತವರು, ಬಾಗಿಲು ತಟ್ಟಿ ಕೇಳಬಹುದಾದ ಮಾತನ್ನು ಇಮೇಲ್‌ನಲ್ಲಿ ಕೇಳುತ್ತಾರೆ. ಅದರ ಪ್ರತಿ ವಿಭಾಗದ ಮುಖ್ಯಸ್ಥರಿಗೆ, ಡೀನ್‌ಗೆ, ಕೊನೆಗೆ ಕುಲಸಚಿವರಿಗೆ. "ಮಾನ್ಯರೇ" ಎಂದು ಶುರುವಾಗಿ "ತಮ್ಮ ಅವಗಾಹನೆಗೆ" ಎಂದು ಮುಗಿಯುವ ಆ ಪತ್ರದ ನಡುವೆ ಎಷ್ಟು ಸಿಟ್ಟು ತುಂಬಿರುತ್ತದೆ ಎಂಬುದು ಓದಿದವರಿಗೇ ಗೊತ್ತು. ಕುಲಸಚಿವರಿಗೆ ಪ್ರತಿ ಹೋಯಿತು ಅಂದರೆ ಜಗಳಕ್ಕೆ ಒಂದು ಫೈಲ್ ನಂಬರ್ ಸಿಕ್ಕಿತು ಅಂತಲೇ ಲೆಕ್ಕ.

ಇಷ್ಟಕ್ಕೂ ಜಗಳ ಯಾವುದಕ್ಕೆ? ಲ್ಯಾಬಿನ ಕೀಲಿ ಯಾರ ಹತ್ತಿರ ಇರಬೇಕು, ಸಂಶೋಧನಾ ಲೇಖನದಲ್ಲಿ ಯಾರ ಹೆಸರು ಮೊದಲು ಬರಬೇಕು, ಮುಂದಿನ ಮುಖ್ಯಸ್ಥರು ಯಾರು, ಹೀಗೆ. ಹೊರಗಿನವರಿಗೆ ನಗು ಬರುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ವ್ಯಾಲೇಸ್ ಸೇಯರ್ ಅವರ ಹೆಸರಿನಲ್ಲಿ ಒಂದು ಮಾತು ಓಡಾಡುತ್ತಿದೆ. ಕ್ಯಾಂಪಸ್ ರಾಜಕೀಯ ಅಷ್ಟೊಂದು ಕಹಿ ಯಾಕೆ ಅಂದರೆ, ಅಲ್ಲಿ ಗೆದ್ದರೂ ಸಿಗುವುದು ಅಷ್ಟರಲ್ಲೇ ಇದೆ, ಅದಕ್ಕೇ ಅಂತ.

ಮಾತು ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಬೇರೆ ಕಚೇರಿಗಳಲ್ಲಿ ಹೊಂದಿಕೆಯಾಗದಿದ್ದರೆ ಒಬ್ಬರು ವರ್ಗ ಮಾಡಿಸಿಕೊಳ್ಳುತ್ತಾರೆ, ಇಲ್ಲವೇ ಕೆಲಸ ಬಿಡುತ್ತಾರೆ. ಪ್ರೊಫೆಸರ್ ಎಲ್ಲಿಗೆ ಹೋಗಬೇಕು? ಒಂದೇ ವಿಷಯ, ಒಂದೇ ವಿಭಾಗ, ಇಪ್ಪತ್ತು ಮೂವತ್ತು ವರ್ಷ ಅದೇ ಕಾರಿಡಾರ್. ಅಲ್ಲಿ ಲ್ಯಾಬ್ ಕೀಲಿ ಕೈತಪ್ಪಿದರೆ ಮುಂದಿನ ಐದು ವರ್ಷದ ಸಂಶೋಧನೆಯೇ ಕೈತಪ್ಪಿದ ಹಾಗೆ. ಸಣ್ಣದು ಅಂತ ಕಾಣುವುದು ಹೊರಗಿನಿಂದ ನೋಡುವವರಿಗೆ ಮಾತ್ರ.

ಜಗಳ ಹೀಗೆ ಬೆಳೆದಾಗ ಆಡಳಿತ ನಡುವೆ ಬರುತ್ತದೆ. ಮೊದಲು ಮೆಮೊ, ಆಮೇಲೆ ಕಾರಣ ಕೇಳಿ ನೋಟಿಸ್, ಆಮೇಲೆ ವಿಚಾರಣಾ ಸಮಿತಿ. ಕೆಲವೊಮ್ಮೆ ಸಮಿತಿ ಕೂರುವ ಮೊದಲೇ ಅಮಾನತು. ಈ ಘಟ್ಟದಲ್ಲಿ ಇಡೀ ಕ್ಯಾಂಪಸ್ ಎರಡು ಪಾಳೆಯವಾಗುತ್ತದೆ. ಶಿಕ್ಷೆ ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂಬ ಚರ್ಚೆ ಅಷ್ಟು ದಿನ ಉಳಿಯುವುದಿಲ್ಲ. ಉಳಿಯುವುದು ಎರಡೇ ಪ್ರಶ್ನೆ. ತೀರ್ಮಾನ ಮಾಡಿದವರು ಯಾರ ಕಡೆಯವರು? ತೀರ್ಮಾನಕ್ಕೆ ಮೊದಲು ಆ ಮನುಷ್ಯನ ಮಾತು ಕೇಳಿದರಾ?

ಇದು ಹೊಸ ಪ್ರಶ್ನೆಯಲ್ಲ. ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ 1700ರಲ್ಲಿ ರಿಚರ್ಡ್ ಬೆಂಟ್ಲಿ ಎಂಬ ವಿದ್ವಾಂಸರು ಮುಖ್ಯಸ್ಥರಾಗಿ ಬಂದರು. ಗ್ರೀಕ್, ಲ್ಯಾಟಿನ್ ಪಾಂಡಿತ್ಯದಲ್ಲಿ ಅವರಿಗೆ ಸಾಟಿಯಾದವರು ಆ ಕಾಲದಲ್ಲಿ ಕಡಿಮೆ. ಜಗಳಗಂಟತನದಲ್ಲೂ ಅಷ್ಟೇ. ತಾವಿರುವ ಮನೆಯ ದುರಸ್ತಿಗೆ ಕಾಲೇಜಿನ ದುಡ್ಡು ಸುರಿದರು. ಕಾಲೇಜಿನ ಫೆಲೋಗಳು, ಅಂದರೆ ಅಲ್ಲಿನ ಸದಸ್ಯ ವಿದ್ವಾಂಸರು, ತಿರುಗಿಬಿದ್ದರು. ಈ ಗುದ್ದಾಟ ದಶಕಗಳ ಕಾಲ ನಡೆಯಿತು.

ಅದರ ನಡುವೆ 1717ರಲ್ಲಿ ದೊರೆ ಒಂದನೇ ಜಾರ್ಜ್ ಕೇಂಬ್ರಿಡ್ಜ್‌ಗೆ ಬಂದ. ಆ ನೆಪದಲ್ಲಿ ಹಲವರಿಗೆ ದೇವತಾಶಾಸ್ತ್ರದ ಡಾಕ್ಟರೇಟ್ ಕೊಟ್ಟರು. ಆ ವಿಷಯದ ಪ್ರಾಧ್ಯಾಪಕರೂ ಬೆಂಟ್ಲಿಯವರೇ. ಪದವಿ ಪಡೆದವರು ತಲಾ 4 ಗಿನಿ, ಅಂದರೆ ಆ ಕಾಲದ ನಾಲ್ಕು ಚಿನ್ನದ ನಾಣ್ಯ, ತಮಗೆ ಕೊಡಬೇಕು ಅಂತ ಬೆಂಟ್ಲಿ ಹಟ ಹಿಡಿದರು. ಕಾನ್ಯರ್ಸ್ ಮಿಡಲ್ಟನ್ ಎಂಬಾತ ತಕರಾರು ಹಾಕಿಕೊಂಡೇ ಕೊಟ್ಟ, ಆಮೇಲೆ ವಾಪಸ್ ಕೊಡಿಸಿ ಎಂದು ಕುಲಪತಿಗಳ ನ್ಯಾಯಪೀಠಕ್ಕೆ ಹೋದ. ಬೆಂಟ್ಲಿ ಅಲ್ಲಿಗೆ ಹೋಗಲಿಲ್ಲ. ಹೋಗದಿದ್ದದ್ದಲ್ಲದೆ ಆ ಪೀಠದ ಬಗ್ಗೆ ಹಗುರವಾಗಿ ಮಾತಾಡಿದರು. 1718ರಲ್ಲಿ ವಿಶ್ವವಿದ್ಯಾಲಯ ಅವರ ಎಲ್ಲ ಪದವಿಗಳನ್ನೂ ಕಿತ್ತುಕೊಂಡಿತು. ಪೀಠಕ್ಕೆ ಅಗೌರವ ತೋರಿಸಿದ ಆರೋಪಕ್ಕೆ ಅವರ ಉತ್ತರವೇನು ಎಂದು ಕರೆದು ಕೇಳಲಿಲ್ಲ.

ಬೆಂಟ್ಲಿ ಕೋರ್ಟಿಗೆ ಹೋದರು. 1723ರಲ್ಲಿ ಕಿಂಗ್ಸ್ ಬೆಂಚ್ ನ್ಯಾಯಾಲಯ ಅವರ ಪರವಾಗಿ ನಿಂತಿತು. ನ್ಯಾಯಮೂರ್ತಿ ಫೋರ್ಟೆಸ್ಕ್ಯೂ ಆಗ ಹೇಳಿದ ಮಾತಿನ ತಿರುಳು ಇಷ್ಟು: ಬೈಬಲ್ಲಿನಲ್ಲಿ ದೇವರು ಕೂಡ ಮೊದಲ ಮನುಷ್ಯ ಆದಾಮನಿಗೆ ಶಿಕ್ಷೆ ಕೊಡುವ ಮೊದಲು ಅವನನ್ನು ಕರೆದು, ಬೇಡವೆಂದಿದ್ದ ಹಣ್ಣು ತಿಂದೆಯಾ ಅಂತ ಕೇಳಿದ. ಮರುವರ್ಷ ಪದವಿಗಳೆಲ್ಲ ವಾಪಸ್ ಬಂದವು. ಆಪಾದಿತನ ಮಾತು ಕೇಳದೆ ಶಿಕ್ಷೆ ಕೊಡಬಾರದು ಎಂಬ ನಿಯಮದ ಬಗ್ಗೆ ವಾದ ಮಾಡುವ ವಕೀಲರು ಇವತ್ತಿಗೂ ಈ ಮೊಕದ್ದಮೆಯನ್ನು ಎತ್ತಿ ಹೇಳುತ್ತಾರೆ.

ನನಗೆ ಇದರಲ್ಲಿ ಇಷ್ಟವಾಗುವುದು ಬೆಂಟ್ಲಿ ಅಲ್ಲ. ಆ ಮನುಷ್ಯನ ಜೊತೆ ಒಂದು ವಾರ ಕೆಲಸ ಮಾಡುವುದೂ ಕಷ್ಟವಾಗುತ್ತಿತ್ತೇನೋ! ಆದರೆ ವಿಚಾರಣೆ ಎಂಬುದು ಒಳ್ಳೆಯವರಿಗೆ ಕೊಡುವ ಬಹುಮಾನವಲ್ಲ ಅಲ್ವಾ? ತಪ್ಪು ಯಾರದು ಅಂತ ಎಲ್ಲರಿಗೂ ಗೊತ್ತಿದೆ, ಇನ್ನೇನು ಕೇಳುವುದು ಅಂತ ಆಡಳಿತ ಅಡ್ಡದಾರಿ ಹಿಡಿದಾಗ ನಿಜವಾಗಿ ಲಾಭವಾಗುವುದು ತಪ್ಪು ಮಾಡಿದವನಿಗೇ. ಅವನು ಮಾಡಿದ್ದೇನು ಎಂಬ ಮಾತು ಹಿಂದೆ ಬಿದ್ದು, ಅವನಿಗೆ ಆದ ಅನ್ಯಾಯ ಮುಂದೆ ಬರುತ್ತದೆ. ದೂರು ಕೊಟ್ಟವರು ಬರಿಗೈಯಲ್ಲಿ ನಿಲ್ಲುತ್ತಾರೆ.

ಯುನೆಸ್ಕೊ 1997ರಲ್ಲಿ ಉನ್ನತ ಶಿಕ್ಷಣದ ಅಧ್ಯಾಪಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸು ಹೊರಡಿಸಿತು. ಸರಿಯಾದ ಕಾರಣವಿಲ್ಲದೆ ಯಾರ ಮೇಲೂ ಶಿಸ್ತು ಕ್ರಮ ಬೇಡ, ಆ ಕಾರಣ ಯಾವ ಕಡೆಗೂ ಸೇರದವರ ಮುಂದೆ ಸಾಬೀತಾಗಬೇಕು ಎಂಬುದು ಅದರಲ್ಲಿದೆ. ಅದು ಶಿಫಾರಸು ಅಷ್ಟೇ, ಕಾನೂನಲ್ಲ. 1915ರಲ್ಲಿ ಶುರುವಾದ ಅಮೆರಿಕದ ಪ್ರಾಧ್ಯಾಪಕರ ಸಂಘ ಅಮಾನತಿನ ಬಗ್ಗೆಯೂ ಖಚಿತವಾಗಿ ಹೇಳುತ್ತದೆ: ಆ ವ್ಯಕ್ತಿ ಕೆಲಸದಲ್ಲಿ ಮುಂದುವರಿದರೆ ಅವರಿಗೋ ಬೇರೆಯವರಿಗೋ ತಕ್ಷಣ ಹಾನಿಯಾಗುವ ಭಯವಿದ್ದರೆ ಮಾತ್ರ ಅಮಾನತು.

ಅಂಥ ಸಂದರ್ಭಗಳು ಇಲ್ಲ ಅಂತಲ್ಲ. ಬೆದರಿಕೆ, ವಿದ್ಯಾರ್ಥಿನಿಯರಿಗೆ ಕಿರುಕುಳ, ಅಂಕಪಟ್ಟಿ ತಿದ್ದುವುದು. ಇಲ್ಲೆಲ್ಲ ಮೊದಲು ದೂರ ಇಟ್ಟೇ ಆಮೇಲೆ ವಿಚಾರಿಸಬೇಕು, ಸಾಕ್ಷಿ ಉಳಿಯಬೇಕು. ಆದರೆ ಸಭೆಯಲ್ಲಿ ದನಿ ಏರಿಸಿದ್ದಕ್ಕೆ, ಮುಖ್ಯಸ್ಥರ ಸುತ್ತೋಲೆಗೆ ಸಹಿ ಹಾಕದ್ದಕ್ಕೆ ಅದೇ ಅಮಾನತು ಯಾಕೆ? ವಿಚಾರಣೆ ಬಾಕಿ ಇದೆ ಅಂತ ಆರು ತಿಂಗಳು ಮನೆಯಲ್ಲಿ ಕೂರಿಸಿದರೆ, ತೀರ್ಪು ಬರುವ ಹೊತ್ತಿಗೆ ಶಿಕ್ಷೆ ಮುಗಿದೇ ಹೋಗಿರುತ್ತದೆ.

ಇನ್ನು ಪಿಎಚ್.ಡಿ. ವಿದ್ಯಾರ್ಥಿಯ ಪಾಡು ನೋಡಿ. ಮಾರ್ಗದರ್ಶಕರು ಅಮಾನತು. ಪ್ರಗತಿ ವರದಿಗೆ ಅವರ ಸಹಿ ಬೇಕು, ಅವರು ಕ್ಯಾಂಪಸ್ಸಿಗೆ ಬರುವಂತಿಲ್ಲ. ಬದಲಿಗೆ ಯಾರನ್ನು ಹಾಕುತ್ತಾರೆ? ವಿಭಾಗದಲ್ಲಿ ಆ ವಿಷಯ ಗೊತ್ತಿರುವವರು ಇನ್ನೊಬ್ಬರೇ, ದೂರು ಕೊಟ್ಟವರು! ಹುಡುಗಿ ಅವರ ಕೋಣೆಗೆ ಹೋದರೆ ಹಳೆಯ ಮೇಷ್ಟ್ರಿಗೆ ಬೇಜಾರು, ಹೋಗದಿದ್ದರೆ ಫೆಲೋಶಿಪ್ ನಿಲ್ಲುತ್ತದೆ. ಅಮಾನತಿನ ಆದೇಶದಲ್ಲಿ ಅವಳ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ವಿಚಾರಣೆ ಮುಗಿದ ಮೇಲಿನ ಮಾತನ್ನಂತೂ ಯಾರೂ ಎತ್ತುವುದಿಲ್ಲ. ಬಹಳಷ್ಟು ಸಲ ಇಬ್ಬರೂ ಅದೇ ವಿಭಾಗಕ್ಕೆ ವಾಪಸ್ ಬರುತ್ತಾರೆ. ಯಾರಿಗೆ ಯಾವ ಪೇಪರ್, ಪರೀಕ್ಷಾ ಮಂಡಳಿಯಲ್ಲಿ ಇಬ್ಬರೂ ಒಟ್ಟಿಗೆ ಕೂರುತ್ತಾರಾ, ಲ್ಯಾಬಿಗೆ ಎರಡನೇ ಕೀಲಿ ಮಾಡಿಸುತ್ತಾರಾ? ಸಮಿತಿಯ ವರದಿಯಲ್ಲಿ ಇದಕ್ಕೂ ಒಂದು ಪುಟ ಇಡಬಹುದು. ಅದನ್ನು ಬರೆಯುವುದಕ್ಕೆ ಹೊರಗಿನವರು ಬೇಕಿಲ್ಲ, ವಿಭಾಗದ ಆಫೀಸಿನಲ್ಲಿರುವ ಗುಮಾಸ್ತರನ್ನು ಕೇಳಿದರೆ ಸಾಕು. ಯಾರು ಯಾರ ಜೊತೆ ಎಷ್ಟು ಹೊತ್ತಿಗೆ ಎದುರಾಗುತ್ತಾರೆ ಅಂತ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಮಸ್ಕಾರ.