ಎಂಟು ಬಾಗಿಲು, ಒಂದು ಡಬ್ಬಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಸರಿ.

ಕಾರ್ಡು, ಬೆರಳಚ್ಚು, ಮುಖ ನೋಡಿ ಬಾಗಿಲು ತೆಗೆಯುವ ಕ್ಯಾಮೆರಾ, ಇವುಗಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಹೇಳುವುದು ಎಲೆಕ್ಟ್ರಿಕಲ್ ರೂಮಿನ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತು ಈ ಬಾಗಿಲುಗಳ ಲಾಕಿಗೆ ಕರೆಂಟ್ ಕೊಡುವ ಕಬ್ಬಿಣದ ಡಬ್ಬಿಯ ಬಗ್ಗೆ. ಅದರೊಳಗೆ ಪವರ್ ಸಪ್ಲೈ, ಬ್ಯಾಟರಿ, ಬಾಗಿಲು ಯಾರಿಗೆ ತೆಗೆಯಬೇಕು ಅಂತ ತೀರ್ಮಾನಿಸುವ ಕಂಟ್ರೋಲರ್, ಒಂದಷ್ಟು ಫ್ಯೂಸು ಇರುತ್ತವೆ. ಬಾಗಿಲಿನ ತಕರಾರು ಅಂತ ನನ್ನ ಹತ್ತಿರ ಬಂದ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಕರೆಂಟಿನ ತಕರಾರೇ ಆಗಿದ್ದವು.

ಒಂದು ಉದಾಹರಣೆ ಹೇಳುತ್ತೇನೆ. ಎಂಟು ಬಾಗಿಲಿನ ಕಟ್ಟಡ. ದೂರು ಏನಪ್ಪಾ ಅಂದರೆ, ಕೊನೆಯ ಬಾಗಿಲನ್ನು ರಾತ್ರಿ ಜೋರಾಗಿ ಎಳೆದರೆ ತೆರೆದುಕೊಳ್ಳುತ್ತದೆ, ಹಗಲಲ್ಲಿ ಎಷ್ಟು ಎಳೆದರೂ ಬರುವುದಿಲ್ಲ. ನಾನು ಹೋಗುವಷ್ಟರಲ್ಲಿ ಎರಡು ಸಲ ಲಾಕ್ ಬದಲಾಯಿಸಿದ್ದರು. ಹಗಲಲ್ಲಿ ನಾನೂ ನೋಡಿದೆ, ಬಾಗಿಲು ಕಲ್ಲಿನ ಹಾಗಿತ್ತು. ಲಾಕಿನ ವೈರ್ ಬಿಚ್ಚಿ ಮೀಟರ್ ಹಿಡಿದೆ, 12 ವೋಲ್ಟ್ ಸರಿಯಾಗಿ ತೋರಿಸಿತು. ಇಲ್ಲೇ ಎಲ್ಲರೂ ಮೋಸ ಹೋಗುವುದು. ಲೋಡ್ ಇಲ್ಲದಾಗ ವೈರ್ ಎಷ್ಟೇ ಸಣ್ಣದಿರಲಿ, ಉದ್ದ ಇರಲಿ, ಮೀಟರಿಗೆ 12 ಕಾಣಿಸಿಯೇ ಕಾಣಿಸುತ್ತದೆ. ವೈರ್ ವಾಪಸ್ ಜೋಡಿಸಿ, ಲಾಕ್ ಹಿಡಿದಿರುವಾಗಲೇ ಅಳೆದೆ, 11 ಬಂತು. ರಾತ್ರಿ ತನಕ ಕಾದು ಮತ್ತೆ ಅಳೆದೆ, 9.

ಆಗಿದ್ದು ಇಷ್ಟೇ. ಆ ಕಾರಿಡಾರಿನ ಕೊನೆಯಲ್ಲಿ ಅಕ್ಕಪಕ್ಕ ಮೂರು ಬಾಗಿಲು. ಮೂರಕ್ಕೂ ಸೇರಿ ಒಂದೇ ಜೋಡಿ ವೈರ್ ಎಳೆದಿದ್ದರು. ಹಗಲಲ್ಲಿ ಎರಡರ ಲಾಕ್ ಆಫ್ ಮಾಡಿ ತೆರೆದಿಡುತ್ತಿದ್ದರು, ಅಂದರೆ ಕರೆಂಟು ತಿನ್ನುವ ಲಾಕ್ ಒಂದೇ. ರಾತ್ರಿ ಮೂರೂ ಮುಚ್ಚುತ್ತವೆ. 600 ಪೌಂಡ್, ಅಂದರೆ ಸುಮಾರು 270 ಕೆಜಿ ಹಿಡಿತದ ಸಾಮಾನ್ಯ ಮ್ಯಾಗ್ನೆಟಿಕ್ ಲಾಕ್, ಅಂದರೆ ಕರೆಂಟ್ ಹರಿಯುವಷ್ಟು ಹೊತ್ತು ಬಾಗಿಲನ್ನು ಹಿಡಿದಿಡುವ ಮ್ಯಾಗ್ನೆಟ್, 12 ವೋಲ್ಟಿನಲ್ಲಿ ಹತ್ತಿರ ಹತ್ತಿರ ಅರ್ಧ ಆಂಪ್ ಎಳೆಯುತ್ತದೆ. ವೈರ್ 0.75 ಸ್ಕ್ವೇರ್ ಎಂಎಂ, ದೂರ 40 ಮೀಟರ್. ಹೋಗುವುದು 40, ಬರುವುದು 40, ಒಟ್ಟು 80 ಮೀಟರ್ ತಾಮ್ರ. ಈ ವಾಪಸ್ ಬರುವ 40 ಮೀಟರನ್ನು ಲೆಕ್ಕದಲ್ಲಿ ಬಿಡದವರೇ ಕಡಿಮೆ! ಅಷ್ಟು ವೈರಿನ ರೆಸಿಸ್ಟೆನ್ಸ್ ಸುಮಾರು 2 ಓಮ್. ಅರ್ಧ ಆಂಪ್ ಹರಿದರೆ 1 ವೋಲ್ಟ್ ದಾರಿಯಲ್ಲೇ ಹೋಯಿತು. ಒಂದೂವರೆ ಆಂಪ್ ಹರಿದರೆ 3 ವೋಲ್ಟ್. ಮ್ಯಾಗ್ನೆಟ್ಟಿನ ಹಿಡಿತ ವೋಲ್ಟೇಜ್ ಇಳಿದದ್ದಕ್ಕಿಂತಲೂ ಜಾಸ್ತಿ ಇಳಿಯುತ್ತದೆ, ಹಾಗಾಗಿ ರಾತ್ರಿ ಬಾಗಿಲು ಬಂದುಬಿಡುತ್ತಿತ್ತು. ಪಾಪ, ಲಾಕಿನದು ಏನೂ ತಪ್ಪಿರಲಿಲ್ಲ.

ಇದಕ್ಕೆ ಏನು ಮಾಡಬೇಕು? ಪ್ರತಿ ಬಾಗಿಲಿಗೂ ಬೇರೆ ಜೋಡಿ ವೈರ್ ಎಳೆಯಿರಿ, ಆದರೆ ದಪ್ಪದ್ದು. ಅದಕ್ಕಿಂತ ಒಳ್ಳೆಯ ದಾರಿ ಅಂದರೆ 24 ವೋಲ್ಟಿಗೆ ಹೋಗುವುದು. ಬಹಳಷ್ಟು ಲಾಕುಗಳಲ್ಲಿ 12, 24 ಎರಡಕ್ಕೂ ಜಂಪರ್, ಅಂದರೆ ವೋಲ್ಟೇಜ್ ಆರಿಸುವ ಪುಟ್ಟ ಕೊಂಡಿ ಇರುತ್ತದೆ. 24ರಲ್ಲಿ ಅದೇ ಲಾಕ್ ಕಾಲು ಆಂಪ್ ಮಾತ್ರ ಎಳೆಯುತ್ತದೆ. ಅದೇ ವೈರಿನಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್, ಅದೂ 24ರಲ್ಲಿ. ಜಂಪರ್ ಬದಲಾಯಿಸದೆ 24 ಕೊಟ್ಟು ಲಾಕಿನೊಳಗಿನ ಕಾಯಿಲ್ (ತಂತಿಯ ಸುರುಳಿ) ಸುಟ್ಟವರೂ ಇದ್ದಾರೆ, ಸ್ವಲ್ಪ ನೋಡಿಕೊಳ್ಳಿ.

ಈಗ ಬ್ಯಾಟರಿ. ಹೆಚ್ಚಿನ ಡಬ್ಬಿಗಳಲ್ಲಿ 12 ವೋಲ್ಟ್, 7 ಆಂಪ್ ಅವರ್‌ನದು ಒಂದು ಇರುತ್ತದೆ. 'ಬ್ಯಾಕಪ್ ಇದೆ ಸರ್' ಅಂತಾರೆ. ಎಂಟು ಲಾಕಿಗೆ 4 ಆಂಪ್. ಕಾರ್ಡು ಓದುವ ರೀಡರ್‌ಗಳು, ಕಂಟ್ರೋಲರ್ ಸೇರಿಸಿದರೆ 5 ಅಂತಿಟ್ಟುಕೊಳ್ಳಿ. ಏಳನ್ನು ಐದರಿಂದ ಭಾಗಿಸಿ ಒಂದು ಗಂಟೆ ಇಪ್ಪತ್ನಾಲ್ಕು ನಿಮಿಷ ಅನ್ನಬೇಡಿ. ಆ 7 ಅನ್ನುವ ಲೆಕ್ಕ 20 ಗಂಟೆ ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ, ಅಂದರೆ 0.35 ಆಂಪ್ ಎಳೆದರೆ. 5 ಆಂಪ್ ಎಳೆದರೆ ಹೊಸ ಬ್ಯಾಟರಿಯೂ ಒಂದು ಗಂಟೆ ಮುಟ್ಟುವುದು ಕಷ್ಟ, ಮೂರು ನಾಲ್ಕು ವರ್ಷ ಹಳೆಯದಾದರೆ ಹೇಳುವುದೇ ಬೇಡ. ಇನ್ನೊಂದು ವಿಷಯ. ಕರೆಂಟ್ ಇದ್ದಾಗ ಆ ಡಬ್ಬಿ ಬ್ಯಾಟರಿಯನ್ನು ತುಂಬಿಸಲು 13.8 ವೋಲ್ಟ್ ಕೊಡುತ್ತಿರುತ್ತದೆ. ಎಷ್ಟೋ ಡಬ್ಬಿಗಳಲ್ಲಿ ಲಾಕಿಗೂ ಅದೇ ಹೋಗುತ್ತದೆ, ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕರೆಂಟ್ ಹೋಗಿ ಬ್ಯಾಟರಿ ಖಾಲಿಯಾಗುತ್ತಾ ಬಂದಾಗ ಅದು 10.5ಕ್ಕೆ ಇಳಿಯುತ್ತದೆ. ವೈರಿನಲ್ಲಿ ಕಳೆಯುವ ಆ 1 ವೋಲ್ಟನ್ನು ಇದರಿಂದ ಕಳೆದು ನೋಡಿ. ವೈರಿನ ಲೆಕ್ಕ ಹಾಕುವುದು ಈ ಕೊನೆಯ ಅಂಕಿಯಿಂದಲೇ. ಸಪ್ಲೈ ಆರಿಸುವಾಗಲೂ ಬರೀ ಲಾಕುಗಳನ್ನು ಕೂಡಿಸಿ ಬಿಡಬೇಡಿ, ಬ್ಯಾಟರಿ ಚಾರ್ಜಿಗೂ ಒಂದಷ್ಟು ಆಂಪ್ ಇಡಬೇಕು.

ಫೈರ್ ಅಲಾರಂ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

ಮ್ಯಾಗ್ನೆಟಿಕ್ ಲಾಕ್ ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತದೆ, ಇದು ಫೇಲ್ ಸೇಫ್. ಕರೆಂಟ್ ಹೋದರೂ ಹೊರಗಿನಿಂದ ಮುಚ್ಚಿಯೇ ಇರುವ ಸ್ಟ್ರೈಕ್ (ಚೌಕಟ್ಟಿನಲ್ಲಿ ಬೀಗದ ನಾಲಿಗೆಯನ್ನು ಹಿಡಿಯುವ ಭಾಗ) ಇದೆ, ಅದು ಫೇಲ್ ಸೆಕ್ಯೂರ್. ಸರ್ವರ್ ರೂಮಿಗೆ ಎರಡನೆಯದು ಹಾಕಬಹುದು, ಆದರೆ ಒಳಗಿದ್ದವರು ಹ್ಯಾಂಡಲ್ ತಿರುಗಿಸಿ ಸೀದಾ ಹೊರಗೆ ಬರುವ ಹಾಗಿರಬೇಕು. ಫೈರ್ ಪ್ಯಾನೆಲ್ಲಿನ ರಿಲೇ ಕಾಂಟ್ಯಾಕ್ಟ್ (ಕರೆಂಟಿನಿಂದ ಆಡುವ ಸ್ವಿಚ್) ಲಾಕಿನ ಕರೆಂಟನ್ನು ನೇರವಾಗಿ ಕಡಿಯಬೇಕು, ನಡುವೆ ಸಾಫ್ಟ್‌ವೇರ್ ಬರಬಾರದು. ಆ ವೈರ್ ಇಲಿ ಕಡಿದು ತುಂಡಾದರೂ ಬಾಗಿಲು ಬಿಟ್ಟುಕೊಳ್ಳುವಂತೆ ನಾರ್ಮಲಿ ಕ್ಲೋಸ್ಡ್, ಅಂದರೆ ಮಾಮೂಲಿಯಾಗಿ ಕೂಡಿಕೊಂಡಿದ್ದು ಅಲಾರಂ ಬಂದಾಗ ಬಿಡುವ ಹಾಗೆ ಜೋಡಿಸಬೇಕು.

ನಾನು ಮಾಡಿದ ತಪ್ಪು ಹೇಳುತ್ತೇನೆ, ನಗಬೇಡಿ. ಶುರುವಿನ ದಿನಗಳಲ್ಲಿ ಆ ಕಾಂಟ್ಯಾಕ್ಟನ್ನು ನಾನು ಸಪ್ಲೈಗೆ ಬರುವ ಮೇನ್ಸ್ ಲೈನಿನಲ್ಲಿ ಹಾಕಿದ್ದೆ. ಕರೆಂಟ್ ಕಡಿದರೆ ಬಾಗಿಲು ಬಿಡುತ್ತದೆ ಅಷ್ಟೇ ಅಲ್ವಾ ಅಂತ. ಟೆಸ್ಟಿನ ದಿನ ಸೈರನ್ ಹೊಡೆಯಿತು, ಡಬ್ಬಿಯ ಮೇಲಿನ ಮೇನ್ಸ್ ದೀಪ ಆರಿತು, ಎಲ್ಲರೂ ಬಾಗಿಲ ಹತ್ತಿರ ನಿಂತಿದ್ದಾರೆ, ಒಂದು ಬಾಗಿಲೂ ಬರಲಿಲ್ಲ. ಒಳಗೆ ಬ್ಯಾಟರಿ ನಿಯತ್ತಾಗಿ ಎಂಟೂ ಲಾಕುಗಳನ್ನು ಹಿಡಿದುಕೊಂಡು ಕೂತಿತ್ತು! ಕಡಿಯಬೇಕಾದದ್ದು ಸಪ್ಲೈಯಿಂದ ಲಾಕಿಗೆ ಹೋಗುವ ಡಿಸಿ ಕಡೆ. ಪುಣ್ಯಕ್ಕೆ ಅದು ಬರೀ ಟೆಸ್ಟ್. ಅವತ್ತಿನಿಂದ ಬ್ಯಾಟರಿ ಜೋಡಿಸದೆ ಫೈರ್ ಟೆಸ್ಟ್ ಮಾಡಿದೆ ಅಂತ ಯಾರು ಹೇಳಿದರೂ ನಾನು ಸಹಿ ಹಾಕುವುದಿಲ್ಲ.

ಇನ್ನೊಂದು ವಿಚಿತ್ರ ತಕರಾರು. ಬಾಗಿಲು ತೆರೆದಾಗಲೆಲ್ಲ ರೀಡರ್ ಆರಿ ಹತ್ತುತ್ತದೆ, ಕೆಲವು ಸಲ ಕಂಟ್ರೋಲರೇ ಸ್ತಬ್ಧ. ಕಾಯಿಲಿನ ಕರೆಂಟನ್ನು ದಿಢೀರ್ ಅಂತ ಕಡಿದರೆ ಅದು ಉಲ್ಟಾ ಒಂದು ಏಟು ಕೊಡುತ್ತದೆ, 12 ವೋಲ್ಟಿನ ಕಾಯಿಲಿನಿಂದಲೇ ನೂರಾರು ವೋಲ್ಟ್ ಏಳಬಹುದು. ರಿಲೇ ಕಾಂಟ್ಯಾಕ್ಟ್ ಕರಗಿ ಅಂಟಿಕೊಳ್ಳುವುದೂ ಇದರಿಂದಲೇ. ಸ್ಟ್ರೈಕಿನ ಎರಡು ತುದಿಗೆ ಅಡ್ಡಲಾಗಿ 1ಎನ್4007 ಅನ್ನುವ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಚಿಕ್ಕ ಡಯೋಡ್ ಹಾಕಿ, ಬೆಳ್ಳಿ ಗೆರೆ ಇರುವ ಕಡೆ ಪಾಸಿಟಿವ್‌ಗೆ. ಉಲ್ಟಾ ಹಾಕಿದರೆ ಷಾರ್ಟ್. ಮ್ಯಾಗ್ನೆಟಿಕ್ ಲಾಕಿಗೆ ಡಯೋಡ್ ಹಾಕಿದರೆ ಬಿಟ್ಟುಕೊಳ್ಳುವುದು ಕೊಂಚ ತಡವಾಗುತ್ತದೆ, ಅದಕ್ಕೆ ವೋಲ್ಟೇಜ್ ಅತಿಯಾದಾಗ ನುಂಗಿಕೊಳ್ಳುವ ವೇರಿಸ್ಟರ್ ವಾಸಿ. ರೀಡರ್‌ಗೆ ಲಾಕಿನ ಲೈನಿನಿಂದ ಕರೆಂಟ್ ಕದಿಯಲೇಬೇಡಿ.

ಫ್ಯೂಸಿನ ಬಗ್ಗೆ ಒಂದೇ ಮಾತು. ಪ್ರತಿ ಬಾಗಿಲಿಗೂ ಬೇರೆ ಫ್ಯೂಸ್ ಇರಲಿ, ಒಂದು ಕಡೆ ಷಾರ್ಟ್ ಆದರೆ ಎಂಟೂ ಬಾಗಿಲು ಬಿಟ್ಟುಕೊಳ್ಳಬಾರದು. ಲಾಕ್ ತೆಗೆಯುವ ರಿಲೇ ಹೊರಗಿನ ಕೀಪ್ಯಾಡಿನೊಳಗೇ ಇದ್ದರೆ ಎರಡು ಸ್ಕ್ರೂ ಬಿಚ್ಚಿದವನು ಒಳಗೆ ಬಂದ ಹಾಗೆಯೇ. ರಿಲೇ ಡಬ್ಬಿಯೊಳಗೆ, ಡಬ್ಬಿ ಬೀಗದೊಳಗೆ.

ಸಾಕು ಮಾತು. ಮೇಜಿನ ಮೇಲೆ ಮೂರು ಲಾಕ್, 40 ಮೀಟರ್ ವೈರಿನ ಸುರುಳಿ, ಒಂದು ಸಪ್ಲೈ ಇಟ್ಟಿದ್ದೇನೆ. ಮೊದಲು ಒಂದು ಲಾಕ್ ಹಾಕೋಣ, ಆಮೇಲೆ ಮೂರೂ. ಯಾರಾದರೂ ಒಬ್ಬರು ಬಂದು ಮೀಟರ್ ಹಿಡಿಯಿರಿ. ಇನ್ನೊಬ್ಬರು, ಸ್ವಲ್ಪ ಗಟ್ಟಿ ಇರುವವರು, ಬಾಗಿಲು ಎಳೆಯಲು ಬನ್ನಿ.